ಸಿಬ್ಬಂದಿ ಕ್ಷೇಮ

ಮಾರ್ಚ್ ೧೪, ಗುರುವಾರ

ಮುದ್ದಿನ ಗುಬ್ಬಿಗೆ,

ಅಮ್ಮನ ಆಶೀರ್ವಾದಗಳು. ಮೊಣಕಾಲು ಒಂದನ್ನು ಬಿಟ್ಟರೆ ಮಿಕ್ಕ ಅಮ್ಮ ಚೆನ್ನಾಗಿದ್ದಾಳೆ.

ನಿನ್ನ ಕಾಗದ ಕೈಸೇರಿ ಇವತ್ತಿಗೆ ಹದಿನಾರು ದಿನ. ಅಪ್ಪ ಹೋದ ಮೇಲಿನ ಈ ಎರಡೂವರೆ ವರ್ಷದಲ್ಲಿ ನಮ್ಮಿಬ್ಬರ ನಡುವೆ ಓಡಾಡಿದ್ದು ಹುಟ್ಟಿದ ದಿನದ ಕಾರ್ಡುಗಳು ಮಾತ್ರ. ಅವುಗಳಲ್ಲೂ ಅಚ್ಚು ಹಾಕಿದ ಮಾತೇ ಹೆಚ್ಚು, ನಾವು ಬರೆದದ್ದು ಹೆಸರಷ್ಟೇ. ಹಾಗಿದ್ದವಳು ಒಮ್ಮೆಲೇ ಒಂಬತ್ತು ಪುಟ ಬರೆದೆ. ಲಕೋಟೆಯ ತೂಕ ನೋಡಿ ಅಂಚೆಯವನು ಆಸ್ತಿ ಪತ್ರವೇನಮ್ಮ ಎಂದು ಕೇಳಿದ. ಅಂಥ ಕಾಗದಕ್ಕೆ ಹದಿನಾರು ದಿನ ಉತ್ತರವಿಲ್ಲವೆಂದರೆ ನೀನು ಏನೆಂದುಕೊಂಡಿರುತ್ತೀ ಎಂದು ನನಗೆ ಗೊತ್ತು. ಆದರೆ ನಾನು ಸುಮ್ಮನೆ ಕೂತಿರಲಿಲ್ಲ. ಎಲ್ಲವನ್ನೂ ಹೇಳುತ್ತೇನೆ, ತಾಳ್ಮೆಯಿಂದ ಓದು. ನಡುವೆ ಎದ್ದು ಫೋನ್ ಮಾಡಬೇಡ. ಫೋನಿನಲ್ಲಿ ಹೇಳುವ ಧೈರ್ಯವಿದ್ದಿದ್ದರೆ ಕಾಗದ ಹಿಡಿದು ಕೂರುತ್ತಿರಲಿಲ್ಲ.

ನಿನ್ನ ಕಾಗದವನ್ನು ಬಾಗಿಲಲ್ಲಿ ನಿಂತೇ ಓದಲು ಶುರುಮಾಡಿದೆ. ಹಿಟ್ಟಿನ ಗಿರಣಿಯ ಹಿತ್ತಿಲಲ್ಲಿ ಚೀಲಗಳನ್ನು ಪೇರಿಸಿಡುತ್ತಿದ್ದ ಉದ್ದನೆಯ ತಗಡಿನ ಕೊಟ್ಟಿಗೆ, ನೋಡಿದರೆ ಯುದ್ಧಕಾಲದ ಬಾಂಬರ್ ವಿಮಾನದ ಹಿಂದಿನ ಅರ್ಧ. ಅದು ನಿಮ್ಮ ಮ್ಯೂಸಿಯಂಗೆ ಬಂತು, ಅದರ ಚರಿತ್ರೆ ಹುಡುಕುವ ಕೆಲಸ ನಿನ್ನ ಪಾಲಿಗೆ ಬಂತು. ಬಾಲಕ್ಕೆ ಮೂರು ಸಲ ಬಣ್ಣ ಬಳಿದಿದ್ದರು. ನೀನು ಹತ್ತಿ, ಬ್ಲೇಡು ಹಿಡಿದು ಮೂರು ವಾರ ಒಂದೊಂದೇ ಪದರ ತೆಗೆದೆ. ಆಮೇಲೆ ಎಂಟು ತಿಂಗಳು ದಾಖಲೆ ಕೋಣೆಯ ದೂಳು ಕುಡಿದೆ. ಯುದ್ಧ ಮುಗಿದ ಮೇಲೆ ವಿಮಾನದ ನಂಬರನ್ನೇ ಬದಲಿಸಿದ್ದರಿಂದ ಅದರ ಕಾರ್ಡು ಇರಬೇಕಾದ ಪೆಟ್ಟಿಗೆಯಲ್ಲಿ ಇರಲಿಲ್ಲ, ಪರಿಹಾರ ಇಲಾಖೆಯ ಪೆಟ್ಟಿಗೆಯಲ್ಲಿತ್ತು. ಇದನ್ನೆಲ್ಲ ಓದುತ್ತ ನನಗೆ ಹೆಮ್ಮೆಯೇ ಆಯಿತು. ಹಟದಲ್ಲಿ ನೀನು ಅಪ್ಪನ ಮಗಳು.

ಆಮೇಲೆ ಬಣ್ಣದ ಕೆಳಗೆ ಸಿಕ್ಕ ನಂಬರು ಓದಿದೆ. ನಾನೂರ ಹದಿನೇಳು. ಅಲ್ಲಿಂದ ಮುಂದೆ ನಿಂತು ಓದಲಾಗಲಿಲ್ಲ. ಚಪ್ಪಲಿ ಸ್ಟ್ಯಾಂಡಿನ ಮೇಲೆಯೇ ಕೂತೆ.

ಅದರ ಸಿಬ್ಬಂದಿ ಅದನ್ನು ‘ದೊಡ್ಡಮ್ಮ’ ಎಂದು ಕರೆಯುತ್ತಿದ್ದರಂತೆ ಎಂದು ಬರೆದಿದ್ದೀ. ಹೌದು, ಹಾಗೇ ಕರೆಯುತ್ತಿದ್ದರು. ಬೆಳಿಗ್ಗೆ ಇಂಜಿನ್ ಚಾಲು ಮಾಡುವಾಗ ಗೊಣಗಿ, ಕೆಮ್ಮಿ, ಮೈಮುರಿದು, ಒಮ್ಮೆ ಎದ್ದಳೆಂದರೆ ಯಾರ ಮಾತನ್ನೂ ಕೇಳದೆ ಹೊರಟುಬಿಡುತ್ತಿದ್ದಳು. ಅದಕ್ಕೇ ಆ ಹೆಸರು.

ಅಪ್ಪ ಯಾವಾಗಲೋ, ನಿಮ್ಮಮ್ಮ ಯುದ್ಧದ ಕಾಲದಲ್ಲಿ ವಿಮಾನ ನಿಲ್ದಾಣದ ಹತ್ತಿರ ಕೆಲಸಕ್ಕಿದ್ದಳು ಎಂದಿದ್ದರೆಂದೂ, ಅಲ್ಲಿ ಬಟ್ಟೆ ಹೊಲಿಯುತ್ತಿದ್ದವರು ಯಾರಾದರೂ ನನಗೆ ಗೊತ್ತೇ ಎಂದೂ ಕೇಳಿದ್ದೀ. ಬಾಲದ ಚುಕ್ಕಾಣಿಗಳಿಗೆ ಮತ್ತೆ ಬಟ್ಟೆ ಹೊದಿಸಬೇಕು, ಹಳೇ ಗಂಟಿನ ಕ್ರಮ ತಿಳಿದವರು ಸಿಕ್ಕುತ್ತಿಲ್ಲ ಎಂದಿದ್ದೀ.

ಗೊತ್ತು ಮಗಳೇ. ಅಲ್ಲಿ ಹೊಲಿಯುತ್ತಿದ್ದವಳು ನಾನೇ.

ನಿನಗೆ ಕೋಪ ಬರುತ್ತದೆ. ಶಾಲೆಯ ನಾಟಕಕ್ಕೆ ನಿನ್ನ ಗೆಳತಿಯರ ತಾಯಂದಿರೆಲ್ಲ ರಾಣಿಯ ಉಡುಪು ಹೊಲಿದುಕೊಟ್ಟಾಗ ನಾನೊಬ್ಬಳು ದರ್ಜಿಯ ಅಂಗಡಿಗೆ ಹೋದೆ. ಅಂಗಿಯ ಗುಂಡಿ ಕಿತ್ತರೂ ಅವನ ಹತ್ತಿರವೇ. ನನಗೆ ಸೂಜಿ ಹಿಡಿಯಲು ಬರುವುದಿಲ್ಲ ಎಂದು ನಿನಗೆ ಹೇಳಿದ್ದೆ. ಅದು ಸುಳ್ಳು. ನಮ್ಮ ಶೆಡ್ಡಿನ ಹದಿನಾಲ್ಕು ಹೆಂಗಸರಲ್ಲಿ ನನ್ನ ಕೈಯೇ ಚುರುಕು ಎಂದು ಮೇಸ್ತ್ರಿಯಕ್ಕ ಎಲ್ಲರೆದುರು ಹೇಳುತ್ತಿದ್ದಳು. ಮೇಸ್ತ್ರಿಯಕ್ಕ ಎಂದರೆ ನಮ್ಮ ಮೇಲ್ವಿಚಾರಕಿ, ನಲವತ್ತು ದಾಟಿದ ಹೆಂಗಸು. ಅವಳ ಬಾಯಿಂದ ಹೊಗಳಿಕೆ ಬರುವುದು ಕೋಳಿಗೆ ಹಲ್ಲು ಬಂದ ಹಾಗೆ.

ಕೆಲಸ ಹೀಗಿತ್ತು. ವಿಮಾನದ ಮೈಯೆಲ್ಲ ತಗಡಾದರೂ ಬಾಲದಲ್ಲಿ ಅತ್ತಿತ್ತ ತಿರುಗುವ ಚುಕ್ಕಾಣಿಗೆ ಮಾತ್ರ ಬಟ್ಟೆ. ಹಗುರವಾಗಿರಬೇಕಲ್ಲ. ಎಡಕ್ಕೊಂದು, ಬಲಕ್ಕೊಂದು ಚುಕ್ಕಾಣಿ. ಒಂದೊಂದರೊಳಗೂ ಬಟ್ಟೆಗೆ ಆನಿಕೆಯಾಗಿ ಹನ್ನೊಂದು ಅಡ್ಡಕಡ್ಡಿ, ಅವಕ್ಕೆ ನಾವು ಪಕ್ಕೆಲುಬು ಎನ್ನುತ್ತಿದ್ದೆವು. ಬಟ್ಟೆಯನ್ನು ಬಿಗಿಯಾಗಿ ಎಳೆದು ಹೊದಿಸಿ, ಮೇಣ ಹಚ್ಚಿದ ದಾರದಿಂದ ಪ್ರತಿ ಪಕ್ಕೆಲುಬಿಗೂ ಸೇರಿಸಿ ಹೊಲಿಯಬೇಕು. ಮೂರು ಬೆರಳಿಗೊಂದು ಗಂಟು. ಒಂದು ಕಡೆ ದಾರ ಕಿತ್ತರೂ ಗಂಟು ಅಲ್ಲೇ ತಡೆಯುತ್ತದೆ, ಹೊಲಿಗೆ ಬಿಚ್ಚುತ್ತ ಓಡುವುದಿಲ್ಲ. ಆಮೇಲೆ ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿ, ಮೂಗು ಉರಿಯುವಂಥ ಮೆರುಗೆಣ್ಣೆಯನ್ನು ದಿನಕ್ಕೊಂದು ಕೈಯಂತೆ ಐದು ಕೈ ಬಳಿಯುತ್ತಿದ್ದರು. ಒಣಗಿದ ಮೇಲೆ ತಟ್ಟಿದರೆ ಡೋಲಿನ ಹಾಗೆ ನುಡಿಯಬೇಕು. ನುಡಿದರೆ ಸರಿ, ತನಿಖೆಯವನು ಸಹಿ ಹಾಕುತ್ತಿದ್ದ. ಪಟ್ಟಿಯ ಕೆಳಗೆ ಗಂಟಿದೆಯೋ ಇಲ್ಲವೋ, ಕಟ್ಟಿದವಳಿಗೆ ಬಿಟ್ಟು ಇನ್ನಾರಿಗೂ ತಿಳಿಯುವ ಹಾಗಿರಲಿಲ್ಲ.

ಆ ದಿನ ನನ್ನ ಮುಂದಿದ್ದದ್ದು ದೊಡ್ಡಮ್ಮನ ಎಡ ಚುಕ್ಕಾಣಿ. ಆ ದಿನವೇ ನಾಲ್ಕು ಗಂಟೆಗೆ ಸೈನಿಕರ ರೈಲೊಂದು ನಮ್ಮ ಸ್ಟೇಷನ್ನಿನಲ್ಲಿ ನಲವತ್ತು ನಿಮಿಷ ನಿಲ್ಲುವುದಿತ್ತು. ಅದರಲ್ಲಿ ಅಪ್ಪ ಇದ್ದರು. ಆಗಿನ್ನೂ ಅಪ್ಪನಾಗಿರಲಿಲ್ಲ, ನನಗೆ ವಾರಕ್ಕೊಂದು ಪೋಸ್ಟ್‌ಕಾರ್ಡು ಹಾಕುತ್ತಿದ್ದ ಉದ್ದ ಮೂಗಿನ ಸಿಗ್ನಲ್‌ಮನ್. ಹುಡುಗ ಬರುತ್ತಾನೆ ಎಂದು ಹೇಳಿ ರಜೆ ಕೇಳಿದರೂ ಮೇಸ್ತ್ರಿಯಕ್ಕ ಕೊಡಲಿಲ್ಲ. ಚುಕ್ಕಾಣಿ ಮುಗಿಸಿ ಎಲ್ಲಿಗಾದರೂ ಹೋಗು ಎಂದಳು. ಮೂರೂವರೆಗೆ ಒಂಬತ್ತು ಪಕ್ಕೆಲುಬು ಮುಗಿದಿದ್ದವು. ಮೇಲಿನ ಎರಡು ಉಳಿದಿದ್ದವು. ಆ ಎರಡನ್ನು ನಾನು ಗಂಟು ಹಾಕದೆ ಬರೀ ಓಡುಹೊಲಿಗೆಯಲ್ಲಿ ಮುಗಿಸಿ, ಯಾರೂ ನೋಡುವ ಮೊದಲೇ ಪಟ್ಟಿ ಅಂಟಿಸಿ ಓಡಿದೆ.

ಮುಂದಿನದು ನೀನು ಅಪ್ಪನ ಬಾಯಲ್ಲಿ ನೂರು ಸಲ ಕೇಳಿದ್ದೀ. ಮದುವೆಯ ದಿನ ಬಂತೆಂದರೆ ಮನೆಗೆ ಬಂದವರಿಗೆಲ್ಲ ಅದೇ ಕಥೆ. ಪ್ಲಾಟ್‌ಫಾರಂನಲ್ಲಿ ತಲೆಯ ತುಂಬ ನೂಲು ಹೊತ್ತು ಓಡಿ ಬಂದ ಹುಡುಗಿ, ಮದುವೆಯಾಗುತ್ತೀಯಾ ಎಂದು ಕೇಳಿದರೆ ಉಸಿರಿಲ್ಲದೆ ಬರೀ ತಲೆಯಾಡಿಸಿದಳು. ‘ಉಸಿರು ವಾಪಸ್ ಬಂದಿದ್ರೆ ಬೇಡ ಅಂತಿದ್ಲೋ ಏನೋ’ ಎಂದು ಅಪ್ಪ ನಗಿಸುತ್ತಿದ್ದರು. ‘ಓಡಿ ಬಂದ್ಲು ನೋಡಿ’ ಎನ್ನುವ ಹೊತ್ತಿಗೆ ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ನೀನದನ್ನು ಚಿಕ್ಕಂದಿನಿಂದ ನೋಡಿದ್ದೀ. ಅಪ್ಪನನ್ನು ಕಳಿಸಿಕೊಟ್ಟ ದಿನ ನೀನು ಆಡಿದ ಮಾತು ನನಗೆ ಬಾಯಿಪಾಠವಾಗಿದೆ: ‘ಅಪ್ಪನ ಜೀವನದಲ್ಲಿ ಒಳ್ಳೇ ದಿನ ಅಂತ ಇದ್ದಿದ್ದು ಅದೊಂದು. ಅದನ್ನ ಕೇಳೋಕೂ ನಿನಗೆ ಆಗ್ಲಿಲ್ಲ ಅಮ್ಮ.’

ನೀನು ಹೇಳಿದ್ದು ನಿಜ. ಆಗುತ್ತಿರಲಿಲ್ಲ. ಯಾಕೆಂದು ಕೇಳು.

ಚುಕ್ಕಾಣಿ ಒಣಗಲು ಐದು ದಿನ ಹಿಡಿಯಿತು. ಅಂದರೆ ಸತ್ಯ ಹೇಳಲು ನನಗೆ ಐದು ದಿನವಿತ್ತು. ಮೊದಲ ದಿನ ನಾಚಿಕೆ. ಎರಡನೇ ದಿನ ಭಯ. ಹೇಳಿದರೆ ಪಟ್ಟಿಯನ್ನೆಲ್ಲ ಕಿತ್ತು ಮೊದಲಿನಿಂದ ಮಾಡಬೇಕು, ವಿಮಾನ ತಡವಾಗುತ್ತದೆ, ಕೆಲಸ ಹೋಗುತ್ತದೆ. ದಿನಕ್ಕೊಂದು ಕೈ ಬಳಿದ ಹಾಗೆಲ್ಲ ಹೇಳುವುದು ಇನ್ನಷ್ಟು ಕಷ್ಟವಾಯಿತು. ಐದನೇ ದಿನ ತನಿಖೆಯವನು ತಟ್ಟಿದ. ಡೋಲಿನ ಹಾಗೇ ನುಡಿಯಿತು. ಏನೂ ಆಗಲಾರದು ಎಂದು ನನಗೆ ನಾನೇ ಹೇಳಿಕೊಂಡೆ.

ಎಂಟನೇ ದಿನ ಬೆಳಿಗ್ಗೆ ದೊಡ್ಡಮ್ಮ ಏಳು ಜನರನ್ನು ಹೊತ್ತು ಹೊರಟಳು. ಮಧ್ಯಾಹ್ನ ಮೂರಕ್ಕೆ ಬರಬೇಕಿತ್ತು. ಉಳಿದವು ಬಂದವು. ನಾವು ಊಟದ ಮನೆಯ ಕಿಟಕಿಯಲ್ಲಿ ನಿಂತು ಎಣಿಸುತ್ತಿದ್ದೆವು. ನಾಲ್ಕಾಯಿತು, ಐದಾಯಿತು. ಅದರಲ್ಲಿ ಇಷ್ಟು ಹೊತ್ತು ಹಾರುವಷ್ಟು ಎಣ್ಣೆ ಇರುವುದಿಲ್ಲ ಎಂದು ಮೆಕ್ಯಾನಿಕ್ ಒಬ್ಬ ಹೇಳಿದ. ಮರುದಿನ ಬೆಳಿಗ್ಗೆ ಹಲಗೆಯ ಮೇಲೆ ೪೧೭ರ ಮುಂದೆ ‘ಮರಳಿಲ್ಲ’ ಎಂದು ಬರೆದಿತ್ತು. ನಾನು ತಲೆನೋವೆಂದು ಹೇಳಿ ಕೋಣೆಗೆ ಹೋದವಳು ಪೆಟ್ಟಿಗೆ ಕಟ್ಟಿಕೊಂಡು ಮೊದಲ ಬಸ್ಸಿಗೆ ತವರಿಗೆ ಹೊರಟುಬಂದೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ದೊಡ್ಡಮ್ಮ ಏನಾದಳೆಂದು ನನಗೆ ಯಾರೂ ತಿಳಿಸಲಿಲ್ಲ.

ಏಳು ಜನ, ಗುಬ್ಬಿ. ನಾನು ನಿಮ್ಮಪ್ಪನನ್ನು ಮದುವೆಯಾದದ್ದು ಆ ಏಳು ಜನರ ಜೀವ ಕೊಟ್ಟು ಎಂದು ನಲವತ್ತೊಂದು ವರ್ಷ ನಂಬಿದ್ದೆ. ಪಾಪ, ಅವರು ಆ ಕಥೆ ಹೇಳಿ ಜನರನ್ನು ನಗಿಸುವಾಗ ನನಗೆ ಕಿಟಕಿಯಲ್ಲಿ ನಿಂತು ಎಣಿಸಿದ್ದೇ ಕಣ್ಣಿಗೆ ಕಟ್ಟುತ್ತಿತ್ತು. ಒಮ್ಮೆ ಅವರು, ನೀನು ಹೊಟ್ಟೆಯಲ್ಲಿದ್ದಾಗ, ‘ನನ್ನ ಕಟ್ಕೊಂಡು ನಿನಗೆ ಬೇಜಾರಾಯ್ತಾ?’ ಎಂದು ಕೇಳಿದರು. ನಾನು ತಲೆನೋವು ಎಂದೆ. ಮತ್ತೆ ಕೇಳಲಿಲ್ಲ. ಅವರನ್ನು ನಾನು ಎಷ್ಟು ಪ್ರೀತಿಸಿದೆನೋ ಅಷ್ಟೂ ದೂರ ಕೂರಿಸಿದೆ. ಅವರದನ್ನು ಬೇರೆ ಥರ ಅರ್ಥ ಮಾಡಿಕೊಂಡೇ ಹೋದರು. ಇದೊಂದಕ್ಕೆ ನನ್ನ ಹತ್ತಿರ ಪರಿಹಾರವಿಲ್ಲ.

ಈಗ ನಿನ್ನ ಆರನೇ ಪುಟಕ್ಕೆ ಬರುತ್ತೇನೆ. ಕಾರ್ಡಿನ ನಕಲನ್ನು ನೀನು ಅಲ್ಲಿ ಅಂಟಿಸಿದ್ದೀ. ಮೂರು ಕೈಬರಹ, ಮೂರು ಬಣ್ಣದ ಶಾಯಿ, ಅರವತ್ತಮೂರು ಹಾರಾಟಗಳು. ಆ ತಾರೀಖಿನ ಮುಂದೆ ಯಾರೋ ಗುಮಾಸ್ತ ಚುಟುಕಾಗಿ ಬರೆದಿದ್ದಾನೆ: ‘ಎಡ ಚುಕ್ಕಾಣಿಯ ಬಟ್ಟೆ ಹರಿದಿದೆ. ದಕ್ಷಿಣದ ನಿಲ್ದಾಣದಲ್ಲಿ ಇಳಿಕೆ. ಟೆಲಿಫೋನ್ ತಂತಿ ಕೆಟ್ಟಿದ್ದರಿಂದ ಸುದ್ದಿ ತಡ. ಸಿಬ್ಬಂದಿ ಕ್ಷೇಮ.’

ನಿನಗೆ ಅದು ಅರವತ್ತಮೂರು ಸಾಲುಗಳಲ್ಲಿ ಒಂದು ಸಾಲು. ಅದರ ಬಗ್ಗೆ ಒಂದು ಮಾತೂ ಬರೆದಿಲ್ಲ ನೀನು. ನಾನದನ್ನು ಎಷ್ಟು ಸಲ ಓದಿದೆನೋ. ನಡುಮನೆಯಲ್ಲಿ ಕೂತು ಓದಿದೆ, ಕನ್ನಡಕ ಒರೆಸಿ ಓದಿದೆ. ಕೊನೆಗೆ ಪಕ್ಕದ ಮನೆಯ ನರ್ಸಮ್ಮನನ್ನು ಕರೆದು ಗಟ್ಟಿಯಾಗಿ ಓದಿಸಿದೆ. ನಾನು ಅಳುವುದನ್ನು ನೋಡಿ ಅವಳು ಮೊದಲು ನನ್ನ ನಾಡಿ ಹಿಡಿದಳು.

ನಂಬಿಕೆ ಬರಲಿಲ್ಲ. ಅದಕ್ಕೇ ಕಳೆದ ಶನಿವಾರ, ನೀನು ಬರೆದಿದ್ದ ವಿಳಾಸ ಹಿಡಿದು, ದೊಡ್ಡಮ್ಮನ ಬಾಲದಲ್ಲಿ ಬಂದೂಕು ಹಿಡಿದು ಕೂರುವ ಗನ್ನರ್ ಆಗಿದ್ದವರ ಮನೆಗೆ ಹೋದೆ. ಬಸ್ಸಿನಲ್ಲಿ ಒಂದೂವರೆ ಗಂಟೆ. ನೀನು ಹೋಗಿ ಮಾತಾಡಿಸಿ ಬಂದವಳೇ, ಆದರೆ ನಾನು ನಿನ್ನ ತಾಯಿ ಎಂದು ಮೊದಲು ಹೇಳಲಿಲ್ಲ. ಕನ್ನಡಕದ ಅಂಗಡಿಯನ್ನು ಮಗನಿಗೆ ಬಿಟ್ಟಿದ್ದರೂ ಚಟ ಬಿಟ್ಟಿಲ್ಲ ಅವರು. ನನ್ನನ್ನು ಕೂರಿಸಿದ್ದೇ ತಡ, ನಿಮ್ಮ ಕನ್ನಡಕದ ಕಾಲು ಸೊಟ್ಟಗಿದೆ, ಕೊಡಿ ಎಂದು ಕಿತ್ತುಕೊಂಡರು. ಸಣ್ಣ ಇಕ್ಕಳ ಹಿಡಿದು ಅವರು ಅದನ್ನು ಸರಿಮಾಡುತ್ತಿದ್ದಾಗ ನಾನು ಎಲ್ಲವನ್ನೂ ಹೇಳಿದೆ. ಒಳ್ಳೆಯದೇ ಆಯಿತು, ಅವರ ಮುಖ ನನಗೆ ಕಾಣುತ್ತಿರಲಿಲ್ಲ.

ಗಂಟಿನ ಮಾತು ಬಂದಾಗ ಇಕ್ಕಳದ ಸದ್ದು ನಿಂತಿತು. ಅವರು ಎದ್ದು ಹಿತ್ತಿಲಿಗೆ ಹೋದರು. ಸೊಸೆ ಬಂದು ಟೀ ಇಟ್ಟಳು, ಮಾವ ಎಲ್ಲಿ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಕನ್ನಡಕವಿಲ್ಲದೆ ಎಲ್ಲವೂ ಮಸುಕು. ಎದ್ದು ಹೋಗೋಣವೆಂದರೆ ಬಾಗಿಲು ಯಾವುದು, ಕಿಟಕಿ ಯಾವುದು ತಿಳಿಯದು. ಕಾಲು ಗಂಟೆ ಹಾಗೇ ಕೂತಿದ್ದೆ. ಆಮೇಲೆ ಬಂದರು. ಕನ್ನಡಕ ನನ್ನ ಕೈಗಿಟ್ಟು ಎದುರಿಗೆ ಕೂತರು.

‘ಎಷ್ಟು ಬಿಟ್ಟಿದ್ರಿ?’ ಎಂದು ಕೇಳಿದರು.

‘ಮೇಲಿನ ಎರಡು.’

‘ಎಷ್ಟರಲ್ಲಿ?’

‘ಹನ್ನೊಂದರಲ್ಲಿ.’

ಅವರು ಕೂತಿದ್ದ ಗೂಡು ಎರಡು ಚುಕ್ಕಾಣಿಗಳ ನಡುವೆಯೇ ಇತ್ತಂತೆ. ವಾಪಸ್ ಬರುವಾಗ ಎಡಗಡೆ ಮೇಲಿನ ಬಟ್ಟೆ ಮೊದಲು ಉಬ್ಬಿತು, ಆಮೇಲೆ ಹರಿದು ಬಾವುಟದ ಹಾಗೆ ಬಡಿದುಕೊಳ್ಳತೊಡಗಿತು. ಇನ್ನೇನು ಪೂರ್ತಿ ಕಿತ್ತು ಹೋಗುತ್ತದೆ ಎಂದು ಅವರು ನೋಡುತ್ತಲೇ ಇದ್ದರು. ಮೂರನೇ ಪಕ್ಕೆಲುಬಿನವರೆಗೆ ಬಂದು ನಿಂತಿತು. ವಿಮಾನ ಒಂದೇ ಕಡೆಗೆ ಎಳೆಯುತ್ತಿತ್ತು. ಪೈಲಟ್ ಒಂದು ಗಂಟೆ ಇಪ್ಪತ್ತು ನಿಮಿಷ ಒಂದೇ ಕಾಲಿನಲ್ಲಿ ಪೆಡಲ್ ಒತ್ತಿ ಹಿಡಿದ. ಇಳಿದ ಮೇಲೆ ಅವನನ್ನು ಎತ್ತಿ ಇಳಿಸಬೇಕಾಯಿತು. ಮಂಡಿ ಮತ್ತೆ ಸರಿಹೋಗಲಿಲ್ಲ, ಕೊನೆಯ ತನಕ ಕೋಲು ಹಿಡಿದೇ ನಡೆದ. ಅವನು ಹೋಗಿ ಆರು ವರ್ಷ.

ಇದನ್ನು ಅವರು ನನ್ನಿಂದ ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ. ಆಮೇಲೆ ಹೇಳಿದ ಮಾತನ್ನು ಅವರ ಬಾಯಲ್ಲೇ ಬರೆಯುತ್ತೇನೆ.

‘ಒಂಬತ್ತು ಸಾಲು ಹಿಡ್ಕೊಂಡಿದ್ದಕ್ಕೆ ನಾನು ಮನೆಗೆ ಬಂದೆ, ಮೂರು ಮಕ್ಕಳ ತಂದೆ ಆದೆ. ಎರಡು ಬಿಟ್ಟಿದ್ದಕ್ಕೆ ಅವನು ಕುಂಟಿದ. ಎರಡೂ ನಿಮ್ಮದೇ ಕೆಲಸ ತಾಯಿ. ಒಂದನ್ನ ಇಟ್ಕೊಂಡು ಒಂದನ್ನ ಬಿಡೋ ಹಾಗಿಲ್ಲ.’

ಅವರೇ ಮುಂದುವರಿಸಿದರು: ‘ನೀವು ನಮ್ಮ ಏಳು ಜನರನ್ನ ನೆನೆಸ್ಕೊಂಡ್ರಿ. ನಾನು ಕೆಳಗಿದ್ದವರನ್ನ ನೆನೆಸ್ಕೋತೀನಿ. ನಾವು ಬಾಂಬ್ ಹಾಕಿದ ಕಡೆ ಎಷ್ಟು ಜನ ಇದ್ರು ಅಂತ ನಿಮ್ಮ ಕಾರ್ಡಲ್ಲಿ ಬರೆದಿರಲ್ಲ.’

ನಿಜ ಹೇಳಬೇಕೆಂದರೆ, ಗುಬ್ಬಿ, ನಾನು ಇಷ್ಟು ವರ್ಷದಲ್ಲಿ ಅವರನ್ನು ಒಂದು ಸಲವೂ ನೆನೆದಿರಲಿಲ್ಲ. ನನ್ನ ಎರಡು ಸಾಲು ಹೊಲಿಗೆಯ ಆಚೆಗೆ ನನಗೆ ಯುದ್ಧವೇ ಕಂಡಿರಲಿಲ್ಲ.

ಯುದ್ಧ ಮುಗಿದ ಮೇಲೆ ದೊಡ್ಡಮ್ಮನ ನಂಬರು ಬದಲಿಸಿ, ಹಸಿದ ಊರುಗಳಿಗೆ ಹಿಟ್ಟು, ಔಷಧ ಹಾಕಲು ಕಳಿಸಿದರಲ್ಲ, ಕಾರ್ಡಿನ ಕೊನೆಯ ಇಪ್ಪತ್ತೆರಡು ಸಾಲು ಅವೇ. ಗನ್ನರಿಗೆ ಅಲ್ಲಿ ಕೆಲಸವಿರಲಿಲ್ಲ. ಇವರು ಕಾಡಿ ಬೇಡಿ ಮೂಟೆ ತಳ್ಳುವ ಕೂಲಿಯವರಾಗಿ ಹತ್ತಿಕೊಂಡರಂತೆ. ಮೊದಲ ಸಲ ಹೋದಾಗ ಇಂಜಿನ್ನಿನ ಸದ್ದು ಕೇಳಿ ಜನರೆಲ್ಲ ಓಡಿ ಬಚ್ಚಿಟ್ಟುಕೊಂಡರು. ಬಯಲಿನಲ್ಲಿ ಒಂದು ನಾಯಿ ಮಾತ್ರ ಉಳಿಯಿತು. ಎರಡನೇ ಸಲವೂ ಹಾಗೇ. ಮೂರನೇ ಸಲ ಹೆಂಗಸರು, ಮಕ್ಕಳು ಬಯಲಿಗೆ ಬಂದು ಕೈ ಬೀಸುತ್ತಿದ್ದರು. ಹೊರಡುವಾಗ ಬಸ್ ನಿಲ್ದಾಣದ ತನಕ ಬಂದರು. ಪೈಲಟ್ಟಿನ ಹೆಂಡತಿಯ ವಿಳಾಸ ಬರೆದುಕೊಟ್ಟರು. ಹೋಗುವುದು ಬಿಡುವುದು ನಿಮಗೆ ಸೇರಿದ್ದು ಎಂದರು. ಆಕೆಗೆ ನಾಳೆ ಬರೆಯುತ್ತೇನೆ. ಕ್ಷಮೆ ಸಿಕ್ಕುತ್ತದೋ ಇಲ್ಲವೋ, ಕೇಳಬೇಕಾದವಳು ನಾನು.

ಈಗ ನಿನ್ನ ಕೆಲಸದ ಮಾತು. ನೀನು ಬರೆಯುತ್ತಿರುವ ಚರಿತ್ರೆಯಲ್ಲಿ ಆ ತಾರೀಖಿನ ಕೆಳಗೆ ಬಟ್ಟೆ ಯಾಕೆ ಹರಿಯಿತು ಎಂದು ಬರೆ. ಹೊಲಿದವಳು ಯಾರೆಂದೂ ಬರೆ. ಅಮ್ಮನೆಂದು ಮೆತ್ತಗೆ ಮಾಡಬೇಡ. ಹಾಗೆಯೇ ಮೂರನೇ ಪಕ್ಕೆಲುಬಿನಲ್ಲಿ ನಿಂತಿತು ಎನ್ನುವುದನ್ನೂ ಬಿಡಬೇಡ.

ಮತ್ತೆ, ಗಂಟು ನನಗೆ ಮರೆತಿಲ್ಲ. ಭಾನುವಾರ ಅಂಗಡಿಯಿಂದ ದಾರ ತಂದು, ಮೇಣದ ಬತ್ತಿಗೆ ಉಜ್ಜಿ, ಹಳೇ ದಿಂಬಿನ ಚೀಲದ ಮೇಲೆ ಹಾಕಿ ನೋಡಿದೆ. ಮೊದಲ ನಾಲ್ಕು ಹಾಳಾದವು, ಐದನೆಯದು ಸರಿಯಾಗಿ ಕೂತಿತು. ಕೈಗೆ ಗೊತ್ತಿದೆ, ಕಣ್ಣೇ ಸಹಕರಿಸುತ್ತಿಲ್ಲ. ಸೂಜಿಗೆ ದಾರ ಪೋಣಿಸಲು ನೀನು ಪಕ್ಕದಲ್ಲಿರಬೇಕು. ನಿಮ್ಮ ಮುಖ್ಯಸ್ಥರು ಒಪ್ಪಿದರೆ ಎರಡು ಚುಕ್ಕಾಣಿಯನ್ನೂ ನಾನೇ ಹೊಲಿಯುತ್ತೇನೆ, ಇಪ್ಪತ್ತೆರಡು ಪಕ್ಕೆಲುಬನ್ನೂ. ಎಷ್ಟು ದಿನವಾದರೂ ಆಗಲಿ. ಈ ಸಲ ಯಾವ ರೈಲೂ ಇಲ್ಲ. ನಿನಗೂ ಆ ಗಂಟು ಕಲಿಸಬೇಕೆಂಬ ಆಸೆಯಿದೆ, ನಿನಗಿಷ್ಟವಿದ್ದರೆ.

ಇನ್ನೊಂದು ಕೇಳುತ್ತೇನೆ, ಇಲ್ಲವೆನ್ನಬೇಡ. ನಾನು ಬಂದಾಗ ಅಪ್ಪನ ಪ್ಲಾಟ್‌ಫಾರಂ ಕಥೆಯನ್ನು ಅವರು ಹೇಳುತ್ತಿದ್ದ ಹಾಗೇ ಒಂದು ಸಲ ಹೇಳು. ನಾನು ತಲೆಯಾಡಿಸಿದ ಮೇಲೆ ಅವರು ಏನು ಹೇಳಿ ಮುಗಿಸುತ್ತಿದ್ದರು? ಅಡುಗೆಮನೆಗೆ ಅದು ಕೇಳಿಸುತ್ತಿರಲಿಲ್ಲ, ಜನ ನಗುವುದಷ್ಟೇ ಕೇಳಿಸುತ್ತಿತ್ತು.

ಹೊಟ್ಟೆಗೆ ಸರಿಯಾಗಿ ತಿನ್ನು. ದಾಖಲೆ ಕೋಣೆಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೋ. ಉತ್ತರವನ್ನು ನಿಧಾನವಾಗಿಯೇ ಬರೆ. ನಾನೂ ನಿನ್ನನ್ನು ಹದಿನಾರು ದಿನ ಕಾಯಿಸಿದ್ದೇನೆ.

ಇಂತು,
ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ದೊಡ್ಡಮ್ಮ ಏನಾದಳೆಂದು ನನಗೆ ಯಾರೂ ತಿಳಿಸಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಇನ್ನೂ ಒಂದು ಸುಳ್ಳು ಸೇರಿಸಿ ಲಕೋಟೆ ಅಂಟಿಸಲು ಮನಸ್ಸು ಬರಲಿಲ್ಲ. ನಾನು ತವರಿಗೆ ಬಂದ ಹನ್ನೆರಡನೇ ದಿನ ಮೇಸ್ತ್ರಿಯಕ್ಕನ ಕಾಗದ ಬಂದಿತ್ತು. ಬೈಗುಳವೋ, ಪೊಲೀಸಿನವರ ಮಾತೋ ಎಂದು ಹೆದರಿ ಒಡೆಯಲಿಲ್ಲ. ಸುಡುವುದಕ್ಕೂ ಕೈ ಬರಲಿಲ್ಲ. ನಲವತ್ತೊಂದು ವರ್ಷ ಪೆಟ್ಟಿಗೆಯ ತಳದಲ್ಲಿತ್ತು. ಈಗ, ನಿನಗೆ ಇಷ್ಟೆಲ್ಲ ಬರೆದ ಮೇಲೆ, ಅಡುಗೆಮನೆಯ ಚಾಕುವಿನಿಂದ ಅದನ್ನು ಒಡೆದೆ. ಪೆನ್ಸಿಲಿನಲ್ಲಿ ಬರೆದದ್ದು, ಮಾಸಿದ್ದರೂ ಓದಲು ಬರುತ್ತದೆ. ಪೂರ್ತಿ ನಕಲು ಮಾಡಿದ್ದೇನೆ: ‘ದೊಡ್ಡಮ್ಮ ಬಂದಿದ್ದಾಳೆ, ಏಳೂ ಜನ ಬದುಕಿದ್ದಾರೆ. ಚುಕ್ಕಾಣಿಯನ್ನು ನಮ್ಮಲ್ಲಿಗೇ ಕಳಿಸಿದರು, ನಾನೊಬ್ಬಳೇ ಕೂತು ಬಿಚ್ಚಿದೆ. ಮೇಲಿನ ಎರಡು ನೋಡಿದೆ. ಆವತ್ತು ನಿನಗೆ ಒಂದು ಗಂಟೆ ರಜೆ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ, ತಪ್ಪಿನಲ್ಲಿ ನನ್ನ ಪಾಲೂ ಇದೆ. ಯಾರಿಗೂ ಹೇಳಿಲ್ಲ. ನಿನ್ನ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿಲ್ಲ, ಹುಷಾರಾದ ಮೇಲೆ ಬಂದು ಸೇರು. ಹುಡುಗ ಏನಂದ?’